ಹೊರಹಳಿಯ ಲೇಪ

೧೯೩೮ನೇ ಇಸವಿ ಫೆಬ್ರುವರಿ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಗಿಣಿಗೇರಿ ಆಚೆಯ ಕಲ್ಲುಗುಡ್ಡದ ಬುಡದಲ್ಲಿ ಕಿನ್ನಾಳದ ಯಂಕೋಬ ಚಿತ್ರಗಾರ ಕುಕ್ಕರಗಾಲಲ್ಲಿ ಕುಳಿತು, ಕಬ್ಬಿಣದ ಡಬ್ಬಿಯೊಂದರ ಮಗ್ಗುಲಿಗೆ ಬಿಳಿ ಬಣ್ಣದಲ್ಲಿ ಆರರ ಅಂಕಿ ಬರೆಯುತ್ತಿದ್ದ. ಹುಬ್ಬಳ್ಳಿ ಕಡೆಯ ಗಾಡಿ ಸ್ಟೇಷನ್ನಿನಿಂದ ಆಗತಾನೇ ಕೂಗಿ ಹೊರಟಿತ್ತು. ಈ ವೇಳೆ ಗೊತ್ತಾದದ್ದು ಅದರಿಂದಲೇ.

ಗುಡ್ಡದ ಮೇಲೆ ಒಡೆದ ಕಲ್ಲನ್ನು ರೈಲಿನ ಹಾದಿಯವರೆಗೆ ಇಳಿಸಲು ಸೋಲಾಪುರದ ಕಂತ್ರಾಟುದಾರ ಸೇಠನೊಬ್ಬ ಎರಡು ಅಡಿ ಅಗಲದ ಸಣ್ಣ ಹಳಿ ಹಾಕಿಸಿದ್ದ. ಅದರ ಮೇಲೆ ಓಡುವ ಡಬ್ಬಿಗಳು ಆರು. ತುಂಬಿದ ಡಬ್ಬಿ ಇಳಿಜಾರಿನಲ್ಲಿ ತಾನಾಗಿ ಉರುಳಿ ಬರಬೇಕು. ಹಿಂದೆ ನಿಂತ ಆಳು ಬ್ರೇಕು ಹಿಡಿಯಬೇಕು. ಖಾಲಿ ಡಬ್ಬಿಯನ್ನು ಎತ್ತುಗಳು ಮೇಲಕ್ಕೆ ಎಳೆಯುತ್ತಿದ್ದವು. ಹಾದಿ ಶುರುವಾಗಿ ಎಂಟೇ ದಿನ ಆಗಿತ್ತು.

ಆರರ ಹೊಟ್ಟೆ ತಿದ್ದಲು ಬಗ್ಗಿದಾಗ ಯಂಕೋಬನ ಕಣ್ಣು ಗಾಲಿಗೆ ಬಿತ್ತು. ಹಳಿಯ ಮೇಲೆ ಓಡುವ ಗಾಲಿಗೆ ಒಳಮಗ್ಗುಲಲ್ಲಿ ಎತ್ತರದ ಅಂಚೊಂದು ಇರುತ್ತದೆ. ಗಾಲಿ ಹಳಿ ದಾಟದಂತೆ ತಡೆಯುವುದು ಅದೇ. ಎಂಟು ದಿನದ ಹೊಸ ಗಾಲಿಯ ಆ ಅಂಚು ಮಸೆದ ಕುಡಗೋಲಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಬಲಗಾಲಿ ನೋಡಿದ, ಕಪ್ಪಗೇ ಇತ್ತು. ಐದನೇ ಡಬ್ಬಿ ನೋಡಿದ, ನಾಲ್ಕನೆಯದು ನೋಡಿದ. ಎಲ್ಲದಕ್ಕೂ ಸವೆದದ್ದು ಎಡಗಾಲಿ ಮಾತ್ರ.

“ಏನ್ ಮಾವ, ಗಾಲಿಗೂ ಬಣ್ಣ ಬಳಿಯಾಂವೇನು?” ಎಂದು ಹಿಂದಿನಿಂದ ಪಕೀರಪ್ಪ ನಕ್ಕ. ಯಂಕೋಬನ ಹೆಂಡತಿ ಹುಲಗೆಮ್ಮನ ತಮ್ಮ ಅವನು, ಇಪ್ಪತ್ತೆರಡರ ಪ್ರಾಯ. ಆರನೇ ಡಬ್ಬಿಯ ಬ್ರೇಕು ಅವನ ಕೈಯಲ್ಲಿತ್ತು.

“ಪಕೀರಾ, ಇದು ಎಲ್ಲಿ ತಿಕ್ಕತೈತಿ?”

“ಕೆಳಗಿನ ತಿರುವಿನ್ಯಾಗ. ಅಲ್ಲಿಗೆ ಬಂದ್ರ ಸಾಕು, ಗಂಡನ ಮನಿಗೆ ಹೊಂಟ ಮದಲಗಿತ್ತಿಯಂಗ ಚೀರತೈತಿ. ಈಗ ಅರ್ಧಾ ತುಂಬಿ ಬಿಡ್ತಾರ. ಗುರುವಾರದಿಂದ ಪೂರ್ತಿ ಅಂತ. ಭಾರ ಬಿತ್ತಂದ್ರ ತಾನ ಸುಮ್ಮನಾಗತೈತಿ ಬಿಡು.”

ಯಂಕೋಬನಿಗೆ ನಗು ಬರಲಿಲ್ಲ. ಆ ತಿರುವನ್ನು ಹೋದ ವರ್ಷವೇ ಒಮ್ಮೆ ಅವನು ಕೈಯಾರೆ ಮಾಡಿದ್ದ, ಹನ್ನೆರಡರಲ್ಲಿ ಒಂದು ಪಾಲು ಗಾತ್ರದಲ್ಲಿ.

ಅದು ಹೀಗಾಯಿತು. ಹಾದಿಯ ನಕಾಶೆ ಬರೆದವರು ಓವರ್‌ಸಿಯರ್ ಕೊಟ್ರಬಸಪ್ಪನವರು. ಕೆರೆ, ಸಡಕು ಅವರಿಗೆ ಚೆನ್ನಾಗಿ ಗೊತ್ತು. ಹಳಿಯ ಕೆಲಸ ಅದೇ ಮೊದಲು. ಸೇಠನಿಗೆ ನಕಾಶೆ ಓದಲು ಬರುತ್ತಿರಲಿಲ್ಲ. ಕಣ್ಣಿಗೆ ಕಾಣುವ ಹಾಗೆ ಮಾಡಿ ತೋರಿಸಿ, ಆಮೇಲೆ ರೊಕ್ಕ ಬಿಚ್ಚುತ್ತೇನೆ ಎಂದ. ಕೊಟ್ರಬಸಪ್ಪನವರು ಕಿನ್ನಾಳದಿಂದ ಯಂಕೋಬನನ್ನು ಕರೆಸಿದರು. ಗೊಂಬೆ, ತೊಟ್ಟಿಲು, ದೇವರ ಪ್ರಭಾವಳಿ ಮಾಡುವ ಕೈ ಅದು. ಕೊಪ್ಪಳದ ಒಂದು ಗೋದಾಮಿನಲ್ಲಿ ಕೆಳಗಿನ ತಿರುವಷ್ಟನ್ನೇ ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಹಲಗೆಯ ಮೇಲೆ ಕಟ್ಟಿದ. ಮುನ್ನೂರ ಅರವತ್ತು ಅಡಿಯ ಹಾದಿ ಮೂವತ್ತು ಅಡಿಯಾಯಿತು. ಒಂಬತ್ತು ಅಡಿಯ ಇಳಿಜಾರು ಒಂಬತ್ತು ಇಂಚಾಯಿತು. ಹಗುರ ಕಟ್ಟಿಗೆಯ ಪುಟ್ಟ ಡಬ್ಬಿಗೆ ಹರಳು ತುಂಬಿ ಮೇಲಿನಿಂದ ಬಿಟ್ಟ.

ತಿರುವಿಗೆ ಬಂದು ಹೊರಕ್ಕೆ ಮಗುಚಿತು.

ಹತ್ತು ಸಲ ಬಿಟ್ಟರೆ ಏಳು ಸಲ ಬಿದ್ದಿತು. ಕೊಟ್ರಬಸಪ್ಪನವರು, “ನಿನ್ನ ಗಾಲಿ ಸೊಟ್ಟ ಅದಾವೋ” ಎಂದರು. ಗಾಲಿ ಬದಲಿಸಿದ, ಬಿದ್ದಿತು. ಅಚ್ಚು ಬದಲಿಸಿದ, ಬಿದ್ದಿತು. ಗಾಲಿಯ ಅಂಚಿಗೆ ದೀಪದ ಕಾಡಿಗೆ ಸವರಿ ಬಿಟ್ಟ. ಹೊರಹಳಿಯ ಒಳಮಗ್ಗುಲಲ್ಲಿ ಕಪ್ಪು ಗೆರೆಯೊಂದು ಮೆಲ್ಲಗೆ ಮೇಲಕ್ಕೇರಿ, ಹಳಿಯ ನೆತ್ತಿಯನ್ನು ದಾಟಿದ್ದು ಕಂಡಿತು.

“ಶನಿವಾರ ಸೇಠ ಬರ್ತಾರ” ಎಂದರು ಓವರ್‌ಸಿಯರ್. “ಹೆಂಗರ ಮಾಡು. ಬೀಳಬಾರದು, ಅಷ್ಟ.”

ಇಳಿಜಾರಿನಲ್ಲಿ ತನ್ನ ತೂಕಕ್ಕೆ ತಾನೇ ಉರುಳುವ ಗಾಡಿಯ ವಿಷಯದಲ್ಲಿ ಒಂದು ಮಾತು ನಿಜ. ಎಲ್ಲ ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿದ್ದರೆ, ಚಿಕ್ಕದು ಬಿದ್ದ ಕಡೆಯೇ ದೊಡ್ಡದೂ ಬಹುಮಟ್ಟಿಗೆ ಬೀಳುತ್ತದೆ. ಇದು ಕೊಟ್ರಬಸಪ್ಪನವರಿಗೆ ಹೊಳೆಯಲಿಲ್ಲ. ಯಂಕೋಬನಿಗೆ ಹೊಳೆಯುವ ಕಾರಣವೇ ಇರಲಿಲ್ಲ; ಅವನ ಮುಂದಿದ್ದದ್ದು ಒಂದು ಆಟಿಕೆ, ಅದಕ್ಕೊಂದು ಊನ.

ಊನ ಬಂದರೆ ಏನು ಮಾಡಬೇಕೆಂಬುದು ಕಿನ್ನಾಳದ ಚಿತ್ರಗಾರರಿಗೆ ಕೈಯಲ್ಲೇ ಇದೆ. ಗೊಂಬೆಯ ಕಟ್ಟಿಗೆಗೆ ಗಂಟಿರುತ್ತದೆ, ಜೋಡಣೆಯ ಸಂದಿರುತ್ತದೆ, ಉಳಿ ಜಾರಿ ಮೂಗು ಹಾರಿರುತ್ತದೆ. ಅಲ್ಲಿ ಹಳೇ ಬಟ್ಟೆಯ ಚೂರನ್ನು ಹುಣಸೆ ಬೀಜದ ಅಂಟಿನಲ್ಲಿ ಅದ್ದಿ ಕೂರಿಸಿ, ಮೇಲೆ ನುಣ್ಣನೆಯ ಕಲ್ಲುಪುಡಿಯ ಕಿಟ್ಟ ಮೆತ್ತಿ, ಒಣಗಿಸಿ, ಮತ್ತೆ ಮೆತ್ತುತ್ತಾರೆ. ಎಷ್ಟು ಲೇಪ ಎಂದು ಯಾರೂ ಎಣಿಸುವುದಿಲ್ಲ. ಹೆಬ್ಬೆರಳು ಸವರಿ ಸಾಕು ಅಂದಾಗ ಸಾಕು. ಎಲ್ಲಿ ತುಂಬಿದೆ ಎಂಬುದನ್ನು ಕೊಳ್ಳುವವನಿಗೆ ಹೇಳುವುದೂ ಇಲ್ಲ. ಹೇಳಿದರೆ ಆ ಮೂರ್ತಿಯನ್ನು ಯಾರೂ ಪೂಜೆಗಿಡುವುದಿಲ್ಲ.

ಯಂಕೋಬ ತಿರುವಿನ ಹೊರಹಳಿಯನ್ನು ಬಿಡಿಸಿ ಅದರ ಬುಡಕ್ಕೆ ಲೇಪ ಕೊಟ್ಟ. ಒಂದಿಷ್ಟು ಏರಿಸುವುದು, ಒಣಗಿಸುವುದು, ಡಬ್ಬಿ ಬಿಟ್ಟು ನೋಡುವುದು. ಎರಡು ದಿನ ಇದೇ ಆಯಿತು. ಬೀಳುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಗೊಂಬೆಯ ಕೆನ್ನೆ ತೀಡುವ ಹಾಗೆ ಎರಡೂ ಕಡೆ ಏರನ್ನು ಸಪೂರವಾಗಿ ಇಳಿಸಿ, ಹಳಿಯನ್ನು ಮತ್ತೆ ಅಂಟಿಸಿ, ಹಳಿಯಡಿಯ ಖಡಿಯ, ಎಂದರೆ ಜಲ್ಲಿಯ, ಬಣ್ಣ ಬಳಿದ. ನೋಡಿದವರಿಗೆ ಏನೂ ಕಾಣದು. ಶನಿವಾರ ನಲವತ್ತು ಸಲ ಡಬ್ಬಿ ಉರುಳಿತು, ಒಂದು ಸಲವೂ ಬೀಳಲಿಲ್ಲ. ಸೇಠ ಚಪ್ಪಾಳೆ ತಟ್ಟಿ ನಕಾಶೆಗೆ ದಸ್ಕತ್ತು ಹಾಕಿದ. ಖುಷಿಯಲ್ಲಿದ್ದ ಓವರ್‌ಸಿಯರ್ ಹತ್ತಿರ ಯಂಕೋಬ ತನಗಾಗಿ ಕೇಳಿದ್ದು ಒಂದೇ: ಹೆಂಡತಿಯ ತಮ್ಮನಿಗೆ ಹಾದಿಯ ಮೇಲೆ ಒಂದು ನೌಕರಿ.

ಈಗ ಬಣ್ಣದ ಕುಂಚ ಕೆಳಗಿಟ್ಟು ಅವನು ತಿರುವಿನವರೆಗೆ ನಡೆದ. ಎರಡೂ ಹಳಿಗೆ ಅಡ್ಡ ಹಲಗೆ ಹಾಕಿ, ಬಣ್ಣ ಕಲೆಸುವ ಬಟ್ಟಲಲ್ಲಿ ಅಂಚಿನವರೆಗೆ ನೀರು ತುಂಬಿ ಇಟ್ಟ. ನೀರು ಯಾವ ಕಡೆಗೂ ಚೆಲ್ಲಲಿಲ್ಲ. ಒಳಹಳಿ, ಹೊರಹಳಿ ನೆಲದಷ್ಟೇ ಸಮ. ನಕಾಶೆಯಲ್ಲಿ ಇದ್ದ ಹಾಗೇ ಕಟ್ಟಿದ್ದರು. ಲೇಪ ನಕಾಶೆಯಲ್ಲಿ ಇರಲಿಲ್ಲ.

ಹೊರಹಳಿಯ ಒಳಮಗ್ಗುಲಲ್ಲಿ ಹೊಳೆಯುವ ಗೀರೊಂದಿತ್ತು. ಗೋದಾಮಿನಲ್ಲಿ ಕಾಡಿಗೆ ಎಳೆದಂಥದೇ ಗೀರು. ತಿರುವಿನ ಆರಂಭದಲ್ಲಿ ಕೆಳಗೆ ಹುಟ್ಟಿ, ಒಂದೊಂದೇ ಕೂದಲೆಳೆಯಾಗಿ ಮೇಲೇರಿ, ನಟ್ಟನಡುವೆ ಒಂದು ಗೇಣು ದೂರ ಹಳಿಯ ನೆತ್ತಿಗೆ ಮುಟ್ಟಿತ್ತು. ಅದು ಅರ್ಧ ಭಾರದ ಗೀರು.

ಸಂಜೆ ಮನೆಯಲ್ಲಿ ಹುಲಗೆಮ್ಮ ಹುಣಸೆ ಬೀಜ ಅರೆಯುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿದಳು. ಕಲ್ಲು ನಿಂತಿತು.

“ಪಕೀರಗ ಹೋಗಬ್ಯಾಡ ಅನ್ರಿ.”

“ಅಂದೆ. ‘ನಾ ಬಿಟ್ರ ಆ ಜಾಗಾದಾಗ ಇನ್ನೊಬ್ಬಾಂವ ನಿಂತಿರ್ತಾನ ಮಾವ, ಅವನೂ ಯಾವಕಿನೋ ತಮ್ಮನ’ ಅಂದ.”

“ಹಂಗಾರ ಸಾಹೇಬ್ರಿಗೆ ಹೇಳ್ರಿ.”

“ಹೇಳಿದ್ರ ನಾ ತುಂಬಿದ್ದು ಹೊರಗ ಬೀಳತೈತಿ. ಕಿನ್ನಾಳದಾಗ ಯಾರರ ಹೇಳ್ಯಾರೇನ ಇಲ್ಲೀತನಕ?”

“ಗೊಂಬಿ ಮೂಗು ಮುರದ್ರ ಕಿಟ್ಟ ತುಂಬ್ತೀರಿ” ಎಂದಳು ಹುಲಗೆಮ್ಮ. “ನನ್ನ ತಮ್ಮನ ಸೊಂಟ ಮುರದ್ರ ಏನು ತುಂಬ್ತೀರಿ?”

ಮಂಗಳವಾರ ಯಂಕೋಬ ಕೊಪ್ಪಳಕ್ಕೆ ಹೋದ. ಓವರ್‌ಸಿಯರ್ ಕಚೇರಿಯ ಮೇಜಿನ ಮೇಲೆ ಅವನ ಆಟಿಕೆಯ ನಡುತುಂಡು, ಆರು ಅಡಿಯಷ್ಟು, ಬಂದವರಿಗೆಲ್ಲ ಕಾಣುವ ಹಾಗೆ ಇತ್ತು. ಕೊಟ್ರಬಸಪ್ಪನವರು ಮಾತು ಮುಗಿಯುವವರೆಗೂ ಕೇಳಿದರು. ಆಮೇಲೆ ಬಾಗಿಲು ಮುಂದೆ ಮಾಡಿದರು.

“ಅಂದ್ರ ನೀನು ಮೋಸ ಮಾಡೀದಿ.”

“ಬೀಳಬಾರದು ಅಂದ್ರಿ. ಬೀಳದಂಗ ಮಾಡಿದ್ನಿರಿ.”

“ನಕಾಶಿ ತಪ್ಪು ಅಂತೀಯೇನು? ಗೊಂಬಿ ಮಾಡಾಂವ ನನಗ ಹಳಿ ಹಾಕೋದು ಕಲಸ್ತೀ?”

“ನಾ ಹಳಿ ಕಂಡಾಂವಲ್ರಿ ಸಾಹೇಬ್ರ. ಬೀಳೂದು ಕಂಡೀನಿ.”

ಕೊಟ್ರಬಸಪ್ಪನವರು ಕೆಟ್ಟ ಮನುಷ್ಯನಲ್ಲ. ಆದರೆ ನಕಾಶೆಯ ಮೇಲೆ ಅವರ ಹೆಸರಿತ್ತು, ಕೆಳಗೆ ಸೇಠನ ದಸ್ಕತ್ತಿತ್ತು. “ಎಂಟು ದಿನ ನಡದೈತಿ, ಬಿದ್ದಿಲ್ಲ” ಎಂದರು. “ಹೋಗು. ಈ ಮಾತು ಹೊರಗ ಆಡಬ್ಯಾಡ.”

ಬುಧವಾರ ಬೆಳಿಗ್ಗೆ ಅವನು ಹಳಿ ಕೂರಿಸುವ ತಂಡದ ಮಿಸ್ತ್ರಿ ಶಬ್ಬೀರಸಾಬನ ಹತ್ತಿರ ಹೋದ. ಶಬ್ಬೀರಸಾಬನಿಗೆ ಅರವತ್ತರ ಹತ್ತಿರ. ದೊಡ್ಡ ರೈಲಿನ ಹಾದಿಯಲ್ಲಿ ಗ್ಯಾಂಗಿನ ಕೆಲಸ ಮಾಡಿ ಬಂದವನು. ಅವನಿಗೆ ಗೀರು ತೋರಿಸುವ ಅಗತ್ಯವೇ ಬೀಳಲಿಲ್ಲ.

“ಹೊರಗಿಂದು ಎತ್ತಬೇಕು ಅಂತ ನಾ ಮೊದಲ ದಿನಾನ ಅಂದಿದ್ನಿ” ಎಂದ. “ನಕಾಶಿನ್ಯಾಗ ಇಲ್ಲ, ಸುಮ್ಮನಿರು ಅಂದ್ರು. ಸುಮ್ಮನದೀನಿ.”

“ನೀವ ಎತ್ತಿಬಿಡ್ರಿ ಮಿಸ್ತ್ರಿ. ಖಡಿ ತುರುಕಿ ಎತ್ತಿದ್ರ ಆತು.”

“ಅರೆ, ಎಷ್ಟು ಎತ್ತಲಿ? ಕಡಿಮಿ ಎತ್ತಿದ್ರ ಹೊರಗ ಬೀಳತೈತಿ, ಹೆಚ್ಚು ಎತ್ತಿದ್ರ ಒಳಗ ಬೀಳತೈತಿ. ದೊಡ್ಡ ಹಾದಿಗೆ ಎಂಜಿನೀರ ಚೀಟಿ ಬರದು ಕೊಡತಿದ್ದ, ನಾ ಎತ್ತತಿದ್ದೆ. ಈ ಸಣ್ಣ ಹಳಿ ನನಗ ಹೊಸಾದು.” ಮಿಸ್ತ್ರಿ ಅವನ ಮುಖ ನೋಡಿದ. “ನೀ ಎಷ್ಟು ಎತ್ತಿದ್ದೆಪಾ ಚಿತ್ರಗಾರ?”

ಯಂಕೋಬ ತನ್ನ ಹೆಬ್ಬೆರಳು ನೋಡಿಕೊಂಡ. ಅವನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಲೇಪ ಕೊಟ್ಟ ಕೈ ಒಂದು ದಿನವೂ ಎಣಿಸಿರಲಿಲ್ಲ. ಹೆಬ್ಬೆರಳಿಗೆ ನೆನಪಿತ್ತು, ಆದರೆ ಹೆಬ್ಬೆರಳನ್ನು ಹನ್ನೆರಡರಿಂದ ಗುಣಿಸಲು ಬರುವುದಿಲ್ಲ.

“ನಾಳೆ ಬೆಳಿಗ್ಗೆ ಎಂಟಕ್ಕ ಪೂರ್ತಿ ಭಾರದ ಮೊದಲ ಡಬ್ಬಿ” ಎಂದ ಶಬ್ಬೀರಸಾಬ. “ಅದರ ಮ್ಯಾಲೆ ನಿಮ್ಮ ಹುಡುಗನ ಪಾಳೆ. ಸಂಜೀ ಹೊತ್ತು ಮುಳುಗೂದರಾಗ ಲೆಕ್ಕ ತಂದ್ರ ನೋಡೋಣು.”

ಮಧ್ಯಾಹ್ನದ ಗಾಡಿ ಹಿಡಿದು ಯಂಕೋಬ ಮತ್ತೆ ಕೊಪ್ಪಳಕ್ಕೆ ಬಂದ. ಕೊಟ್ರಬಸಪ್ಪನವರು ಕಾಗದದ ಮೇಲೆ ತಲೆ ಬಗ್ಗಿಸಿ ಕುಳಿತಿದ್ದರು. ಅವನು ಕೈ ಮುಗಿದ, ಚಪ್ಪಲಿ ಬಿಟ್ಟು ಒಳಗೆ ಬಂದ, ನೇರ ಮೇಜಿನ ಹತ್ತಿರ ಹೋಗಿ ಸೊಂಟದಿಂದ ಗೊಂಬೆ ಕೆತ್ತುವ ಚಾಕು ತೆಗೆದ.

“ಏ! ಏನ್ ಮಾಡಾಕತ್ತೀ?”

“ನನ್ನ ಕೆಲಸದಾಗಿನ ಊನ ತೆಗೀತೀನ್ರಿ.”

ತಿರುವಿನ ನಟ್ಟನಡುವೆ ಚಾಕು ಇಳಿಯಿತು. ಖಡಿಯ ಬಣ್ಣ ಸಿಡಿಯಿತು; ಒಣಗಿದ ಕಿಟ್ಟ ಕಲ್ಲಿನ ಹಾಗೆ ಕರಕರ ಎಂದಿತು. ಕೊಟ್ರಬಸಪ್ಪನವರು ಎದ್ದು ನಿಂತರು. ಕೈ ಮುಂದೆ ಚಾಚಿದರು. ಅವನ ಕೈ ಹಿಡಿಯಬಹುದಿತ್ತು, ಹಿಡಿಯಲಿಲ್ಲ.

ಹಳಿಯ ಬುಡದಿಂದ ಹೆಬ್ಬೆರಳಗಲದ ತುಂಡೊಂದು ಕಳಚಿ ಬಂತು. ಕಡಿದ ಮಗ್ಗುಲಲ್ಲಿ ಬಟ್ಟೆಯ ಬಿಳಿ ಗೆರೆ, ಕಿಟ್ಟದ ಕಂದು ಗೆರೆ, ಮತ್ತೆ ಬಿಳಿ, ಮತ್ತೆ ಕಂದು. ಯಂಕೋಬ ಬೆಳಕಿಗೆ ಹಿಡಿದು, ಜೀವಮಾನದಲ್ಲಿ ಮೊದಲ ಸಲ, ತನ್ನ ಲೇಪ ಎಣಿಸಿದ. ಹದಿನಾಲ್ಕು.

ಓವರ್‌ಸಿಯರ್ ಆ ತುಂಡನ್ನು ಕೈಗೆ ತೆಗೆದುಕೊಂಡು ತಾವೂ ಎಣಿಸಿದರು. ಆಟಿಕೆ ನಿಂತದ್ದು ತಮ್ಮ ನಕಾಶೆಯಿಂದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

“ಒಂದು ಚೀಟಿ ಬರದು ಕೊಡ್ರಿ ಸಾಹೇಬ್ರ.”

“ಬರಿಯಂಗಿಲ್ಲ. ಬರದ್ರ ನಕಾಶಿ ತಪ್ಪು ಅಂತ ನಾನ ಬರದಂಗ.” ತುಂಡನ್ನು ಅವನ ಅಂಗೈಗೆ ಹಾಕಿದರು. ಧ್ವನಿ ಇಳಿಯಿತು. “ಸಡ್ಲಾದ ಖಡಿ ಸರಿ ಮಾಡೂದು ಮಿಸ್ತ್ರಿ ದಿನದ ಕೆಲಸ. ಅದಕ್ಕ ಚೀಟಿ ಬೇಕಾಗಿಲ್ಲ. ಜಲ್ದಿ ಹೋಗು.”

ಸಂಜೆ ಐದಕ್ಕೆ ಅವನು ತಿರುವಿನ ಬಳಿ ಬಂದಾಗ ಹಾರೆ ಹಿಡಿದ ಹದಿನಾರು ಜನ ಕಾಯುತ್ತಿದ್ದರು, ಪಾಳೆ ಮುಗಿಸಿದ ಪಕೀರಪ್ಪನೂ ಪಕ್ಕದಲ್ಲಿದ್ದ. ಗುಣಾಕಾರ ಅವನಿಗೆ ಬರುತ್ತಿರಲಿಲ್ಲ. ಒಂದು ತೊಗರಿ ಕಟ್ಟಿಗೆಯನ್ನು ನೆಲಕ್ಕಿಟ್ಟು, ಅದರ ಮೇಲೆ ಲೇಪದ ತುಂಡನ್ನು ನಿಲ್ಲಿಸಿ, ಅದರ ದಪ್ಪಕ್ಕೆ ಸರಿಯಾಗಿ ಚಾಕುವಿನಿಂದ ಗೀರಿದ. ಗೀರಿನ ಮುಂದೆ ಮತ್ತೆ ತುಂಡನ್ನು ಇಟ್ಟ, ಮತ್ತೆ ಗೀರಿದ. ಹೀಗೆ ಹನ್ನೆರಡು ಸಲ. ಶಬ್ಬೀರಸಾಬ ಕಟ್ಟಿಗೆಗೆ ತನ್ನ ಹಿತ್ತಾಳೆಯ ಅಳತೆಪಟ್ಟಿ ಹಿಡಿದು ನೋಡಿ ತಲೆ ಅಲ್ಲಾಡಿಸಿದ.

“ಭಾಳ ಆತು. ಎರಡು ಅಡಿ ಹಳಿಗೆ ಇಷ್ಟು ಎತ್ತಿದ್ದು ನಾ ಎಲ್ಲೂ ಕೇಳಿಲ್ಲ. ಖಾಲಿ ಡಬ್ಬಿ ಎತ್ತಿನ ಹಿಂದ ನಿಧಾನ ಮ್ಯಾಲೆ ಹೋಗಬೇಕು, ಅದು ಒಳಕ್ಕ ವಾಲಿದ್ರ? ಎರಡು ಇಂಚಿಗೆ ನಿಲ್ಲಸೂಣು.”

“ಕಡಿಮಿಗೆ ನಿಲ್ಲಿಸಿ ನೋಡೀನ್ರಿ ನಾನು. ಹೊರಗ ಬೀಳೂದು ಪೂರಾ ನಿಂತಿರಲಿಲ್ಲ.”

“ಅದು ಆಟಗಿ, ಚಿತ್ರಗಾರ. ಇದರ ಮ್ಯಾಲೆ ಮನಷ್ಯಾ ನಿಂತಿರ್ತಾನ. ಚೀಟಿ ಇಲ್ಲ, ಹುಕುಂ ಇಲ್ಲ. ನಾಳೆ ಬಿದ್ರ ಕೇಳಾಂವ ನಿನ್ನ ಕೇಳ್ತಾನ. ಈ ಹದಿನಾರು ಮಂದಿ ಮುಂದ ನೀನ ಬಾಯಿಬಿಟ್ಟು ಹೇಳು, ಎಷ್ಟು?”

ಯಂಕೋಬ ಕಟ್ಟಿಗೆಯನ್ನಲ್ಲ, ಅಂಗೈಯಲ್ಲಿದ್ದ ಲೇಪದ ತುಂಡನ್ನು ನೋಡಿದ. ಆಮೇಲೆ ಹೇಳಿದ. ಶಬ್ಬೀರಸಾಬ ಅಳತೆಪಟ್ಟಿಯ ಮೇಲೆ ಉಗುರಿಟ್ಟು, “ಎತ್ರೋ” ಎಂದ.

ಗುರುವಾರ ಎಂಟಕ್ಕೆ ಮೇಲಿನಿಂದ ಗುಡುಗಿನಂಥ ಸದ್ದು ಹೊರಟಿತು. ಯಂಕೋಬ ತಿರುವಿನ ಒಳಗಡೆ ನಿಂತಿದ್ದ. ಅಲ್ಲಿ ನಿಲ್ಲಬೇಡ ಎಂದು ಇಬ್ಬರು ಕೂಗಿದರು, ಅವನು ಜರುಗಲಿಲ್ಲ. ಡಬ್ಬಿ ಕಣ್ಣಿಗೆ ಬಿತ್ತು. ಕಲ್ಲಿನ ರಾಶಿ ಅಂಚು ಮೀರಿ ತುಂಬಿತ್ತು, ಹಿಂದೆ ಪಕೀರಪ್ಪ ಬ್ರೇಕಿನ ಮೇಲೆ ಬಿದ್ದು ನಿಂತಿದ್ದ, ಮುಖದಲ್ಲಿ ನಗುವಿರಲಿಲ್ಲ. ಗಾಲಿ ತಿರುವು ಮುಟ್ಟಿತು. ಚೀರಿತು. ಡಬ್ಬಿ ಇಡಿಯಾಗಿ ಒಳಕ್ಕೆ, ಯಂಕೋಬನ ಕಡೆಗೆ, ವಾಲಿತು. ರಾಶಿಯ ಮೇಲಿನ ಕಲ್ಲೊಂದು ಉರುಳಿ ಅವನ ಕಾಲಿನ ಮುಂದೆ ಬಿತ್ತು. ಚೀರಾಟ ಸಣ್ಣಗಾಯಿತು, ಡಬ್ಬಿ ನೆಟ್ಟಗಾಯಿತು, ಹಾದಿ ನೇರವಾಯಿತು.

“ಮಾವ, ಮದಲಗಿತ್ತಿ ಗಂಡನ ಮನಿ ಸೇರಿದ್ಳು!” ಎಂದು ದೂರದಿಂದ ಕೂಗು ಬಂತು.

ಯಂಕೋಬನ ಕಣ್ಣು ಮತ್ತೆ ಮೇಲಿನ ಹಾದಿಗೆ ಹೋಯಿತು. ಇನ್ನೂ ಐದು ಡಬ್ಬಿಗಳಿದ್ದವು. ಐದೂ ಇಳಿದವು. ಆಮೇಲೆ ಎತ್ತುಗಳು ಖಾಲಿ ಡಬ್ಬಿಗಳನ್ನು ಮೇಲಕ್ಕೆ ಎಳೆದವು. ತಿರುವಿನಲ್ಲಿ ಒಂದೊಂದು ಡಬ್ಬಿ ಒಳಕ್ಕೆ ಬಾಗಿದಾಗಲೂ ಶಬ್ಬೀರಸಾಬ ಬಾಯೊಳಗೇ ಏನೋ ಅಂದುಕೊಳ್ಳುತ್ತಿದ್ದ. ಆರೂ ಮೇಲೆ ಹೋದ ಮೇಲೆ ಯಂಕೋಬ ಹೊರಹಳಿಗೆ ಕಾಡಿಗೆ ಸವರಿದ. ಮುಂದಿನ ಪಾಳೆಯ ಡಬ್ಬಿ ಅದರಲ್ಲಿ ಎಳೆದ ಹೊಸ ಗೀರು ಹಳಿಯ ನೆತ್ತಿಗಿಂತ ಅರ್ಧ ಇಂಚು ಕೆಳಗೇ ಉಳಿಯಿತು.

ಆ ಹಾದಿ ಎಂಟು ವರ್ಷ ನಡೆಯಿತು. ಡಬ್ಬಿ ಎರಡು ಸಲ ಹಳಿ ತಪ್ಪಿತು, ಎರಡೂ ಸಲ ಮೇಲಿನ ನೇರದಲ್ಲಿ, ಹಳಿಯ ಮೇಲೆ ಕಲ್ಲು ಬಿದ್ದು. ಕೆಳಗಿನ ತಿರುವಿನಲ್ಲಿ ಒಮ್ಮೆಯೂ ಇಲ್ಲ. ಕೊಟ್ರಬಸಪ್ಪನವರು ಯಂಕೋಬನಿಗೆ ಮತ್ತೆ ಕೆಲಸ ಹೇಳಲಿಲ್ಲ. ನಕಾಶೆಯನ್ನು ತಿದ್ದಲೂ ಇಲ್ಲ. ಕೊನೆಯವರೆಗೂ ಅದರಲ್ಲಿ ಎರಡೂ ಹಳಿ ಸಮವಾಗಿಯೇ ಇದ್ದವು.

ಸುದ್ದಿ ಕಿನ್ನಾಳಕ್ಕೆ ಮುಟ್ಟಿತು. “ಏನಪಾ ಯಂಕೋಬ, ತುಂಬಿದ್ದೆಲ್ಲಾ ಊರ ಮುಂದ ಬಿಚ್ಚಿ ತೋರಿಸಾಕ ಹತ್ತೀಯಂತ?” ಎಂದು ಹಿರಿಯ ಓಬಳೆಪ್ಪ ಕಟ್ಟೆಯ ಮೇಲೆ ಹಂಗಿಸಿದ. ಎರಡು ವರ್ಷ ದೇವರ ಮೂರ್ತಿಯ ಕೆಲಸ ಯಂಕೋಬನಿಗೆ ಯಾರೂ ಕೊಡಲಿಲ್ಲ. ತೊಟ್ಟಿಲು, ಆಟಿಕೆ ಮಾಡಿಕೊಂಡಿದ್ದ. ಅವನು ಮಾಡಿದ ಪ್ರತಿಯೊಂದರ ಅಡಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಅಂಕಿ ಇರುತ್ತಿತ್ತು: ಎಷ್ಟು ಲೇಪ ಎಂಬುದು. ಕೊಳ್ಳುವವರು ಅದನ್ನು ಬೆಲೆ ಅಂದುಕೊಂಡು ಚೌಕಾಸಿ ಮಾಡುತ್ತಿದ್ದರು.

ಆ ಬುಧವಾರ ಸಂಜೆ, ಹದಿನಾರು ಜನರ ಮುಂದೆ, ಎರಡಕ್ಕೆ ನಿಲ್ಲಿಸೋಣವೇ ಎಂದು ಕೇಳಿದ ಶಬ್ಬೀರಸಾಬನಿಗೆ ಅವನು ಹೇಳಿದ್ದು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಆ ಮಾತನ್ನು ಪಕೀರಪ್ಪ ಕಡೆಯತನಕ ನೆನೆದು ಹೇಳುತ್ತಿದ್ದ.

“ಮೂರು ಇಂಚು.”